ಎರಡು ರಿಜಿಸ್ಟರು, ಒಂದೇ ಊರು

ಹಳ್ಳಿ ಚರ್ಚುಗಳು ಜುಬಿಲಿಗೆ ತರುವ ಸ್ಮರಣ ಸಂಚಿಕೆ ನೋಡಿದ್ದೀರಾ? ಮೊದಲು ಬಿಷಪ್ಪರ ಸಂದೇಶ, ಆಮೇಲೆ ಶಾಸಕರ ಸಂದೇಶ, ಆಮೇಲೆ ಇಲ್ಲಿಯವರೆಗೆ ಸೇವೆ ಸಲ್ಲಿಸಿದ ಗುರುಗಳ ಪಟ್ಟಿ. ಯಾರ ಕಾಲದಲ್ಲಿ ಗಂಟೆಗೋಪುರ ಆಯ್ತು, ಯಾರ ಕಾಲದಲ್ಲಿ ಕಾಂಪೌಂಡ್ ಆಯ್ತು, ಬೋರ್‌ವೆಲ್ ಕೊರೆಸಿದ್ದು ಯಾರು. ಕೊನೆಗೆ ಸಿಮೆಂಟ್ ಅಂಗಡಿ, ಜವಳಿ ಅಂಗಡಿಯವರ ಜಾಹೀರಾತು. ನಡುವೆ ಎಲ್ಲೋ ಅರ್ಧ ಪುಟದಲ್ಲಿ ಕಾನ್ವೆಂಟ್ ಶಾಲೆ. ಓದಿ ಮುಗಿಸಿದರೆ ಆ ಊರಲ್ಲಿ ಫಾದರ್ ಮತ್ತು ಗಾರೆ ಮೇಸ್ತ್ರಿ ಬಿಟ್ಟು ಬೇರೆ ಯಾರೂ ಇರಲೇ ಇಲ್ಲವೇನೋ ಅನ್ನಿಸುತ್ತದೆ.

ನಮ್ಮೂರಿನ ಸಂಚಿಕೆಗೆ ಆ ಅರ್ಧ ಪುಟ ಬರೆದುಕೊಡಿ ಅಂತ ನನ್ನನ್ನು ಕೇಳಿದರು. ಊರು ಚಿತ್ರದುರ್ಗ ಜಿಲ್ಲೆಯದು. ಹೆಸರು ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ನಾನು ಕ್ರೈಸ್ತನಲ್ಲ, ನಮ್ಮದು ಲಿಂಗಾಯತರ ಮನೆ. ಆದರೆ ಒಂದರಿಂದ ಏಳನೇ ಕ್ಲಾಸಿನವರೆಗೆ ಓದಿದ್ದು ಅದೇ ಕಾನ್ವೆಂಟಿನಲ್ಲಿ. ಈಗ ಇರುವುದು ದಾವಣಗೆರೆಯಲ್ಲಿ. ಸುಮ್ನೆ ನೆನಪಿನ ಮೇಲೆ ಬರೆಯೋದು ಬೇಡ, ಹಳೇ ದಾಖಲೆ ನೋಡಿ ಬರೀತೀನಿ ಅಂದೆ. ಫಾದರ್ ಒಪ್ಪಿದರು. ಫೋಟೋ ತೆಗೆಯಬಾರದು, ಯಾರ ಹೆಸರನ್ನೂ ಹೊರಗೆ ಹಾಕಬಾರದು ಅನ್ನೋ ಷರತ್ತಿನ ಮೇಲೆ ಜ್ಞಾನಸ್ನಾನದ, ಅಂದರೆ ಮಗುವಿಗೆ ಕ್ರೈಸ್ತ ದೀಕ್ಷೆ ಕೊಟ್ಟದ್ದನ್ನು ಬರೆದಿಡುವ ರಿಜಿಸ್ಟರು ಕೊಟ್ಟರು, ಎದುರಿಗೇ ಕೂತಿದ್ದರು. ಶಾಲೆಯ ದಾಖಲಾತಿ ರಿಜಿಸ್ಟರನ್ನು ಹೆಡ್ಮಿಸ್ ಸಿಸ್ಟರ್ ತಂದು ಪಕ್ಕದಲ್ಲಿಟ್ಟರು.

ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರೆ ಒಂದಕ್ಕೊಂದು ತಾಳೆಯೇ ಆಗುವುದಿಲ್ಲ. ಅದೇ ಮನೆ, ಅದೇ ಮಕ್ಕಳು. ಆದರೆ ಹೆಸರು ಬೇರೆ, ಕೆಲವು ಕಡೆ ಜಾತಿಯೂ ಬೇರೆ. ಊರಿನ ಚರಿತ್ರೆ ಅಂತ ಏನಾದರೂ ಇದ್ದರೆ ಅದು ಗಂಟೆಗೋಪುರದಲ್ಲಿಲ್ಲ, ಈ ತಾಳೆಯಾಗದ ಸಾಲುಗಳಲ್ಲಿದೆ ಅಂತ ನನಗೆ ಅವತ್ತು ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಮೊದಲು ಸ್ವಲ್ಪ ಹಿಂದಿನದು ಹೇಳಿಬಿಡುತ್ತೇನೆ. ಮೈಸೂರು ಸೀಮೆಗೆ ಕ್ಯಾಥೊಲಿಕ್ ಪಾದ್ರಿಗಳು ಬಂದದ್ದು ಇಂಗ್ಲಿಷರ ಜೊತೆಗೆ ಅಂತ ನಮ್ಮಲ್ಲಿ ಜಾಸ್ತಿ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಜೆಸ್ವಿಟ್ ಅನ್ನೋ ಕ್ಯಾಥೊಲಿಕ್ ಗುರುಗಳ ಸಂಘಕ್ಕೆ ಸೇರಿದ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಕೆಲಸ ಶುರು ಮಾಡಿದ್ದು 1640ರ ದಶಕದ ಕೊನೆಯಲ್ಲಿ. ಆಗಿನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಮೈಸೂರಿನ ಕಡೆ ತಲೆ ಹಾಕುವ ತಾಕತ್ತಿರಲಿಲ್ಲ. ಚಿನ್ನಮಿ ಕನ್ನಡ ಕಲಿತರು, ಕನ್ನಡದಲ್ಲಿ ಬರೆದರು. 1773ರಲ್ಲಿ ಪೋಪರೇ ಜೆಸ್ವಿಟ್ ಸಂಘವನ್ನು ರದ್ದು ಮಾಡಿದರು. ಅವರ ಜಾಗಕ್ಕೆ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಫ್ರೆಂಚ್ ಗುರುಗಳು ಬಂದರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಅಬ್ಬೆ ದ್ಯುಬುವಾ ಕೂಡ ಇವರ ಪೈಕಿಯವರೇ. ನಿಲುವಂಗಿ, ಪೇಟ ಹಾಕಿಕೊಂಡು ನಮ್ಮ ಜನರ ಥರಾನೇ ಓಡಾಡಿಕೊಂಡಿದ್ದರು. ಸಿಡುಬಿನ ಲಸಿಕೆ ಹಾಕಿಸುವ ಕೆಲಸವನ್ನೂ ಮೈ ಮೇಲೆ ಹಾಕಿಕೊಂಡರು. 1823ರಲ್ಲಿ ಊರಿಗೆ ವಾಪಸ್ ಹೋದರು.

ಇದೆಲ್ಲ ಕಾವೇರಿ ಕಡೆಯ ಕಥೆ. ನಮ್ಮ ಬಯಲುಸೀಮೆಗೆ ಬಂದರೆ ಬೇರೆ ಲೆಕ್ಕ. ಇಲ್ಲಿ ದೊಡ್ಡ ಪೆಟ್ಟು ಕೊಟ್ಟದ್ದು ಬರ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದ ಮಾತು ನಮ್ಮ ಅಜ್ಜಿಯರ ಬಾಯಲ್ಲಿ ಇನ್ನೂ ಇತ್ತು. ಅವರು ಅದನ್ನು ನೋಡಿದವರಲ್ಲ, ಅವರ ಅಜ್ಜಿಯರು ನೋಡಿದವರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷದ ಮೇಲಿದ್ದರು. 1881ಕ್ಕೆ 41 ಲಕ್ಷ ಚಿಲ್ಲರೆ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿತ್ತು, ಎಂಟು ಲಕ್ಷಕ್ಕಿಂತ ಜಾಸ್ತಿ ಕಡಿಮೆಯಾದರು. ಆಗ ಗಂಜಿ ಕೇಂದ್ರ, ಅನಾಥ ಮಕ್ಕಳ ಮನೆ ನಡೆಸಿದವರಲ್ಲಿ ಕ್ಯಾಥೊಲಿಕ್ ಮಿಷನ್ನೂ ಒಂದು. ಆ ಮಕ್ಕಳಲ್ಲಿ ಎಷ್ಟೋ ಜನ ಅದೇ ಧರ್ಮದಲ್ಲಿ ಬೆಳೆದರು. ಗಂಜಿಗಾಗಿ ಸೇರಿದರು ಅಂತ ಹಂಗಿಸುವವರು ಈಗಲೂ ಇದ್ದಾರೆ. ಇರಬಹುದು. ಗಂಜಿ ಬೇಕಾಗಿತ್ತಲ್ಲ, ಮತ್ತೇನು ಮಾಡಬೇಕಿತ್ತು? ಹಂಗಿಸುವವರ ಮುತ್ತಜ್ಜಂದಿರ ಕಣಜದಲ್ಲಿ ಆಗ ಕಾಳಿತ್ತಾ, ಇದ್ದರೆ ಬಾಗಿಲು ತೆಗೆದಿದ್ದರಾ, ಅದನ್ನೂ ಕೇಳಬೇಕಲ್ವಾ.

ಆಡಳಿತದ ಗಡಿಗಳು ಆಮೇಲೆ ಬದಲಾಗುತ್ತಲೇ ಹೋದವು. ಮೈಸೂರು ಪೂರ್ಣ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೆಳಗೆ ಬರುವ ಸೀಮೆ, ಆಗಿದ್ದು 1886ರಲ್ಲಿ. ನಮ್ಮ ಕಡೆಯ ಚರ್ಚುಗಳು ಈಗ ಸೇರುವ ಶಿವಮೊಗ್ಗ ಧರ್ಮಪ್ರಾಂತ್ಯ ಹುಟ್ಟಿದ್ದು 1988ರಲ್ಲಿ. ಅದರಲ್ಲಿ ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆ ಮೂರೂ ಬರುತ್ತವೆ. ತಮಾಷೆ ಅಂದರೆ ಆಗ ದಾವಣಗೆರೆ ಜಿಲ್ಲೆಯೇ ಇರಲಿಲ್ಲ, ಅದಾಗಿದ್ದು 1997ರಲ್ಲಿ. ಹಳೇ ಕಾಗದಗಳಲ್ಲಿ ಹರಿಹರ, ದಾವಣಗೆರೆ ಎಲ್ಲ ಚಿತ್ರದುರ್ಗ ಜಿಲ್ಲೆ ಅಂತಲೇ ಇರುತ್ತದೆ. ಹುಡುಕುವವರು ಗಮನದಲ್ಲಿಟ್ಟುಕೊಳ್ಳಿ.

ನಮ್ಮ ಚರ್ಚಿನ ಕಟ್ಟಡದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದಕ್ಕೆ ಸಂಚಿಕೆ ಇದೆ. ಕಲ್ಲಿನ ಗೋಡೆ, ಹಂಚಿನ ಮಾಡು. ಆದರೆ ಒಂದು ವಿಷಯ ಹೇಳಲೇಬೇಕು. ರಿಪೇರಿಗೆ ಇಳಿಸಿದ ಹಳೇ ಹಂಚುಗಳ ಹಿಂದೆ ಬಾಸೆಲ್ ಮಿಷನ್ನಿನ ಮುದ್ರೆ ಇತ್ತು. ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆಗೆದ ಬಾಸೆಲ್ ಮಿಷನ್‌ನವರು ಪ್ರೊಟೆಸ್ಟೆಂಟರು. ಕ್ಯಾಥೊಲಿಕರು ಪ್ರೊಟೆಸ್ಟೆಂಟರ ಸೂರಿನ ಕೆಳಗೆ ಕೂತು ಇಷ್ಟು ವರ್ಷ ಜಪಸರ ಹೇಳಿದ್ದಾರೆ! ಫಾದರಿಗೆ ಹೇಳಿದೆ, ಜೋರಾಗಿ ನಕ್ಕರು. ಇದನ್ನು ಸಂಚಿಕೆಯಲ್ಲಿ ಹಾಕಬೇಡಿ ಅಂದರು.

ಈಗ ರಿಜಿಸ್ಟರಿಗೆ ಬರೋಣ.

ಜ್ಞಾನಸ್ನಾನದ ರಿಜಿಸ್ಟರು ಅಂದರೆ ಉದ್ದನೆಯ, ಭಾರದ ಪುಸ್ತಕ. ರಟ್ಟಿನ ಮೂಲೆ ಸವೆದಿದೆ, ಒಳಗಿನ ಇಂಕು ಕಂದು ಬಣ್ಣಕ್ಕೆ ತಿರುಗಿದೆ. ಹಿಂದಿನ ಕೆಲವು ಪುಟಗಳನ್ನು ಗೆದ್ದಲು ಅಂಚಿನಿಂದ ತಿಂದಿದೆ. ಪ್ರತಿ ಚರ್ಚಿನಲ್ಲೂ ಜ್ಞಾನಸ್ನಾನ, ಮದುವೆ ಬರೆದಿಡಲೇಬೇಕು ಅಂತ 1563ರಲ್ಲೇ ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಮಹಾಸಭೆಯಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಎಷ್ಟೇ ಬಡ ಚರ್ಚಾದರೂ ಪುಸ್ತಕ ಮಾತ್ರ ಇರುತ್ತದೆ. ಒಂದೊಂದು ಸಾಲಿನಲ್ಲಿ ಮಗು ಹುಟ್ಟಿದ ದಿನ, ಸ್ನಾನವಾದ ದಿನ, ಹೆಸರು, ಅಪ್ಪ ಅಮ್ಮ, ಸ್ನಾನದ ಹೊತ್ತಿಗೆ ಮಗುವಿನ ಪರವಾಗಿ ನಿಲ್ಲುವ ಜ್ಞಾನತಂದೆ, ಜ್ಞಾನತಾಯಿ, ಕೊನೆಗೆ ಗುರುಗಳ ಸಹಿ. ಹಳೇ ಪುಟಗಳು ಲ್ಯಾಟಿನ್ನಿನಲ್ಲಿವೆ. ಪೂಜೆಯೂ ಆಗ ಲ್ಯಾಟಿನ್ನಿನಲ್ಲೇ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಆದ ಮೇಲೆ ಪೂಜೆ ಕನ್ನಡಕ್ಕೆ ಬಂತು, ಗುರುಗಳು ಜನರ ಕಡೆ ಮುಖ ಮಾಡಿ ನಿಂತರು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ‘ಓರಾ ಪ್ರೋ ನೋಬಿಸ್’ (ನಮಗಾಗಿ ಪ್ರಾರ್ಥಿಸು) ಅನ್ನೋದನ್ನು ರಾಗಿ ಬೀಸುವಾಗಲೂ ಹೇಳಿಕೊಳ್ಳುತ್ತಿದ್ದಳು. ಕನ್ನಡ ಪೂಜೆ ಬಂದ ಮೇಲೂ ಅವಳು ಬಿಡಲಿಲ್ಲ.

ಈ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಅಂಚಿನ ಜಾಗ. 1908ರಿಂದ ಒಂದು ನಿಯಮ ಬಂತು. ಇಲ್ಲಿ ಜ್ಞಾನಸ್ನಾನವಾದ ಮಗು ದೊಡ್ಡದಾಗಿ ಬೇರೆ ಊರಲ್ಲಿ ಮದುವೆಯಾದರೆ ಆ ಊರಿನ ಗುರುಗಳು ಇಲ್ಲಿಗೆ ಕಾಗದ ಬರೆದು ತಿಳಿಸಬೇಕು, ಇಲ್ಲಿಯವರು ಅದೇ ಮಗುವಿನ ಸಾಲಿನ ಅಂಚಿನಲ್ಲಿ ಮದುವೆಯ ತಾರೀಕು, ಊರು ಬರೆಯಬೇಕು. ಹಾಗಾಗಿ ಒಂದೇ ಸಾಲಿನಲ್ಲಿ ಹುಟ್ಟೂ ಸಿಗುತ್ತದೆ, ಮದುವೆಯೂ ಸಿಗುತ್ತದೆ, ನಡುವಿನ ವರ್ಷ ನೀವೇ ಲೆಕ್ಕ ಹಾಕಬಹುದು. ಅಂಚು ಓದುತ್ತಾ ಹೋದರೆ ಊರಿನ ಜನ ಎಲ್ಲಿಗೆ ಹೋದರು ಅನ್ನೋದು ಕಾಣುತ್ತದೆ. ಹಳೇ ಅಂಚುಗಳಲ್ಲಿ ಹತ್ತಿರದ ಹಳ್ಳಿಗಳೇ. ಆಮೇಲೆ ಹರಿಹರ ಜಾಸ್ತಿ ಆಗುತ್ತದೆ. ಯಾಕೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ: 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು, ಆಮೇಲೆ ಹೊಳೆಯಾಚೆ ಪಾಲಿಫೈಬರ್ಸ್ ಬಂತು, ಕಾರ್ಖಾನೆ ನೌಕರಿ ಇರುವ ಗಂಡು ಅಂದರೆ ಯಾರು ತಾನೇ ಬಿಡುತ್ತಾರೆ. ಅದಾದ ಮೇಲೆ ಬರೀ ಬೆಂಗಳೂರು.

ಶಾಲೆಯ ರಿಜಿಸ್ಟರಿನ ಕಥೆಯೇ ಬೇರೆ. ಅದರಲ್ಲಿ ಇಡೀ ಊರು ಇದೆ. ಕ್ರೈಸ್ತರ ಮನೆ ಊರಲ್ಲಿ ಯಾವತ್ತೂ ಕೈಬೆರಳಲ್ಲಿ ಎಣಿಸುವಷ್ಟೇ, ಆದರೆ ಶಾಲೆಗೆ ಲಿಂಗಾಯತರು, ನಾಯಕರು, ಗೊಲ್ಲರು, ಸಾಬರು, ಮಾದಿಗರು, ಲಂಬಾಣಿ ತಾಂಡಾದ ಮಕ್ಕಳು ಎಲ್ಲರೂ ಬಂದಿದ್ದಾರೆ. ಹೆಸರಿನ ಮುಂದೆ ಹುಟ್ಟಿದ ತಾರೀಕಿನ ಕಾಲಂ ನೋಡಿದರೆ ನಗು ಬರುತ್ತದೆ. ಜೂನ್ 1, ಜೂನ್ 1, ಜೂನ್ 1. ಇಡೀ ಪುಟ ಅದೇ. ಅಪ್ಪ ಬಂದು ‘ಶೇಂಗಾ ಕೀಳೋ ಟೈಮಲ್ಲಿ ಹುಟ್ಟಿದ್ದು, ಮೇಡಂ’ ಅಂತಿದ್ದ. ಶಾಲೆ ಶುರುವಾಗುವ ದಿನಕ್ಕೆ ವಯಸ್ಸು ಸರಿಹೋಗುವ ಹಾಗೆ ಮೇಷ್ಟ್ರು ಒಂದು ವರ್ಷ ಹಿಡಿದು ಜೂನ್ 1 ಬರೆಯುತ್ತಿದ್ದರು. ನಾನೂ ಜೂನ್ 1ರವನೇ. ಸರ್ಕಾರ ನನಗೆ ಅವತ್ತೇ ವಯಸ್ಸು ಮಾಡುತ್ತದೆ. ಬ್ಯಾಂಕಿನವರು, ಫೋನ್ ಕಂಪನಿಯವರು ಅವತ್ತು ಮೆಸೇಜ್ ಕಳಿಸುತ್ತಾರೆ, ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಆದರೆ ಅದೇ ಪುಟದಲ್ಲಿ ಕ್ರೈಸ್ತರ ಮಕ್ಕಳ ತಾರೀಕು ಜನವರಿ 19, ಅಕ್ಟೋಬರ್ 4 ಅಂತ ಸರಿಯಾಗಿ ಇರುತ್ತಿತ್ತು, ಯಾಕೆಂದರೆ ಚರ್ಚಿನಿಂದ ಚೀಟಿ ತರುತ್ತಿದ್ದರು. ಹಟ್ಟಿಯಲ್ಲಿ ಜೋಪಡಿಯಲ್ಲಿ ಹುಟ್ಟಿದ ಹುಡುಗನಿಗೆ ಹುಟ್ಟಿದ ದಿನ ಗೊತ್ತಿತ್ತು, ಗೌಡರ ಮಗನಿಗೆ ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ಇದೊಂದು ದೊಡ್ಡಸ್ತಿಕೆಯ ವಿಷಯವಾಗಿತ್ತು ಅಂದರೆ ನಂಬುತ್ತೀರಾ. ಹುಟ್ಟುಹಬ್ಬಕ್ಕೆ ಪೆಪ್ಪರ್‌ಮಿಂಟ್ ಹಂಚುವ ಹಕ್ಕು ಅವರಿಗೆ ಮಾತ್ರ ಇತ್ತು.

ಹೀಗೆ ಓದುತ್ತಾ ಹೋದಾಗ ಕೆಲವು ಸಾಲುಗಳು ಕೈ ತಡೆದವು. ಜ್ಞಾನಸ್ನಾನದ ಪುಸ್ತಕದಲ್ಲಿ ಪೆತ್ರುಸ್ ಅಂತ ಇರುವವನು ಊರಲ್ಲಿ ರಾಯಪ್ಪ. ಪೌಲುಸ್ ಅಂದರೆ ಚಿನ್ನಪ್ಪ, ಇಗ್ನಾಸಿಯುಸ್ ಅಂದರೆ ಇನ್ನಾಸಪ್ಪ. ಇದು ನಮ್ಮ ಕಡೆಯ ಕ್ರೈಸ್ತರಲ್ಲಿ ಮಾಮೂಲು, ಹುಡುಕಿದರೆ ಶಾಲೆಯ ಪುಸ್ತಕದಲ್ಲಿ ಅದೇ ರಾಯಪ್ಪ, ಚಿನ್ನಪ್ಪ ಸಿಗುತ್ತಾರೆ. ಆದರೆ ಕೆಲವರು ಹಾಗೆ ಸಿಗುವುದಿಲ್ಲ. ಅಪ್ಪ ಅಮ್ಮ ಅವರೇ, ಮನೆ ಅದೇ, ಆದರೆ ಹುಡುಗನ ಹೆಸರು ಪೂರ್ತಿ ಬೇರೆ, ಹನುಮಂತನೋ ತಿಪ್ಪೇಶನೋ. ಧರ್ಮದ ಕಾಲಂನಲ್ಲಿ ಹಿಂದೂ, ಜಾತಿಯ ಕಾಲಂನಲ್ಲಿ ಪರಿಶಿಷ್ಟ ಜಾತಿ.

ಇದಕ್ಕೆ ಕಾರಣ 1950ರ ರಾಷ್ಟ್ರಪತಿ ಆದೇಶ. ಪರಿಶಿಷ್ಟ ಜಾತಿಯ ಸವಲತ್ತು ಹಿಂದೂಗಳಿಗೆ ಮಾತ್ರ ಅಂತ ಅದು ಹೇಳಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಏನೋ ಸ್ವಲ್ಪ ಸಿಗುತ್ತದೆ, ಆದರೆ ಪರಿಶಿಷ್ಟರಿಗೆ ಸಿಗುವಷ್ಟು ಸಿಗುವುದಿಲ್ಲ. ಊರಿನ ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ ಇಡುವಾಗ ಯಾರೂ ‘ನೀನು ಚರ್ಚಿಗೆ ಹೋಗ್ತೀಯಾ’ ಅಂತ ಕೇಳಲಿಲ್ಲ. ಸ್ಕಾಲರ್‌ಶಿಪ್ ಕೊಡುವಾಗ ಮಾತ್ರ ಕೇಳಿದರು. ಮಗ ಓದಬೇಕು ಅಂತ ಅಪ್ಪ ಎರಡು ಪುಸ್ತಕದಲ್ಲಿ ಎರಡು ಹೆಸರು ಬರೆಸಿದ. ಇದರಲ್ಲಿ ಮೋಸ ಕಾಣುವವರಿಗೆ ಕಾಣಲಿ, ನನಗೆ ಕಂಡಿದ್ದು ಕೂಲಿ ಮಾಡುವ ಅಪ್ಪನೊಬ್ಬನ ಲೆಕ್ಕಾಚಾರ. ಊರಿನ ಹೆಸರು ಯಾಕೆ ಹೇಳುವುದಿಲ್ಲ ಅಂತ ಈಗ ಗೊತ್ತಾಯ್ತಲ್ಲ.

ಇನ್ನೊಂದು ಕಾಲಂ ಇದೆ, ‘ಶಾಲೆ ಬಿಟ್ಟ ಕಾರಣ’. ಗಂಡುಹುಡುಗರ ಸಾಲಿನಲ್ಲಿ ‘ಏಳನೇ ತರಗತಿ ಪಾಸು’, ‘ಬೇರೆ ಶಾಲೆಗೆ’, ‘ಸಿರಿಗೆರೆಗೆ’ ಅಂತೆಲ್ಲ ಇದೆ. ನಮ್ಮ ಕಡೆ ಹುಡುಗ ಸ್ವಲ್ಪ ಚುರುಕು ಅಂದರೆ ಸಿರಿಗೆರೆ ಮಠದ ಶಾಲೆಗೆ ಹಾಕುವುದು ವಾಡಿಕೆ. ಹೆಣ್ಣುಮಕ್ಕಳ ಸಾಲಿನಲ್ಲಿ ಐದು, ಆರನೇ ಕ್ಲಾಸಿಗೆ ಬರುತ್ತಿದ್ದಂತೆ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ: ‘ಪಾಲಕರ ಇಚ್ಛೆ’. ದೊಡ್ಡವಳಾದಳು, ಇನ್ನು ಶಾಲೆ ಸಾಕು ಅನ್ನೋದನ್ನು ಮೇಷ್ಟ್ರು ಹೀಗೆ ಮರ್ಯಾದೆಯಾಗಿ ಬರೆದಿದ್ದಾರೆ. ಮುಂದಿನ ಪುಟಗಳಲ್ಲಿ ಈ ಮಾತು ನಿಧಾನಕ್ಕೆ ಕಡಿಮೆಯಾಗುತ್ತದೆ. ಒಮ್ಮೆಲೇ ಅಲ್ಲ. ಕೆಲವು ಸಾಲಿನಲ್ಲಿ ‘ಪಾಲಕರ ಇಚ್ಛೆ’ ಅಂತ ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ‘ಮರುದಾಖಲು’ ಅಂತ ಬರೆದಿದ್ದಾರೆ. ಆ ಕೆಂಪು ಇಂಕು ಒಬ್ಬ ಸಿಸ್ಟರದು. ಕೇರಳದವರು. ಸಂಜೆ ಶಾಲೆ ಬಿಟ್ಟ ಮೇಲೆ ಬಿಟ್ಟುಹೋದ ಹುಡುಗಿಯರ ಮನೆಗೆ ಹೋಗಿ ಜಗುಲಿ ಮೇಲೆ ಕೂತುಬಿಡುತ್ತಿದ್ದರು. ಕನ್ನಡ ಸರಿಯಾಗಿ ಬರುತ್ತಿರಲಿಲ್ಲ, ಅದೇ ಒಳ್ಳೆಯದಾಯ್ತು ಅಂತ ನಮ್ಮವ್ವ ಹೇಳುತ್ತಿದ್ದಳು. ಅಪ್ಪಂದಿರು ಕೊಡುವ ಸಬೂಬು ಅವರಿಗೆ ಅರ್ಥವೇ ಆಗುತ್ತಿರಲಿಲ್ಲವಂತೆ. ‘ನಾಳೆ ಕಳಿಸ್ತೀರಾ?’ ಅನ್ನೋದೊಂದೇ ಮಾತು. ಕಾಫಿ ಕೊಟ್ಟರೆ ಕುಡಿದು ಮತ್ತೆ ಅದೇ ಕೇಳುತ್ತಿದ್ದರು.

ಜಗುಲಿಯಿಂದ ಆಗದಿದ್ದಾಗ ಹಾಸ್ಟೆಲ್. ಕಾನ್ವೆಂಟಿನ ಹಿಂದಿನ ಎರಡು ಕೋಣೆ, ಒಂದು ಬಚ್ಚಲು, ಎತ್ತರದ ಕಾಂಪೌಂಡು. ‘ಸಿಸ್ಟರ್ ಹತ್ರ ಇದ್ದಾಳೆ’ ಅಂದರೆ ಊರಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಆ ಕಾಂಪೌಂಡನ್ನು ಕಟ್ಟಿಸಿದ ಫಾದರ್ ಹೆಸರು ಸಂಚಿಕೆಯಲ್ಲಿ ಬರುತ್ತದೆ, ಅದರೊಳಗೆ ಇದ್ದು ನರ್ಸ್ ಆದವರು, ಟೀಚರ್ ಆದವರು ಬರುವುದಿಲ್ಲ. ನಮ್ಮ ದೊಡ್ಡಪ್ಪನ ಮಗಳೂ ಆ ಕೆಂಪು ಇಂಕಿನವಳೇ. ಆಮೇಲೆ ಅಂಗನವಾಡಿಯಲ್ಲಿ ಕೆಲಸ ಮಾಡಿ ಈಗ ರಿಟೈರ್ ಆಗಿದ್ದಾಳೆ.

ಮತಾಂತರ ಮಾಡಿಸಲಿಲ್ವಾ ಅಂತ ದಾವಣಗೆರೆಯ ಗೆಳೆಯರು ಕೇಳುತ್ತಾರೆ. ಎರಡೂ ಪುಸ್ತಕ ನೋಡಿದವನಾಗಿ ನಮ್ಮ ಮನೆಯ ಲೆಕ್ಕ ಹೇಳಬಲ್ಲೆ. ಶಾಲೆಯ ಪುಸ್ತಕದಲ್ಲಿ ನಮ್ಮ ಮನೆತನದ ಹೆಸರು ಬೇಕಾದಷ್ಟು ಸಲ ಇದೆ. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದೂ ಇಲ್ಲ. ಬೆಳಿಗ್ಗೆ ಪ್ರಾರ್ಥನೆ ಹೇಳಿಸುತ್ತಿದ್ದರು, ಕ್ರಿಸ್ಮಸ್ಸಿಗೆ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟಿಸುತ್ತಿದ್ದರು, ನಾನು ಒಂದು ವರ್ಷ ಕುರಿ ಕಾಯುವವನ ಪಾತ್ರ ಮಾಡಿದ್ದೇನೆ, ಕೊರಳಲ್ಲಿ ಲಿಂಗ ಇತ್ತು. ಯಾರೂ ತೆಗಿ ಅನ್ನಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ ನಮ್ಮವ್ವ ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಗೆ ಹರಕೆ ಹೊತ್ತು ಹೋಗಿ ಬಂದವಳು. ಅಲ್ಲಿಗೆ ಹೋಗುವವರಲ್ಲಿ ಅರ್ಧಕ್ಕರ್ಧ ಜನ ಕುಂಕುಮ, ವಿಭೂತಿಯವರೇ. 2019ರಲ್ಲಿ ಆ ಚರ್ಚಿಗೆ ಬೆಸಿಲಿಕಾ ಅನ್ನೋ ದೊಡ್ಡ ಸ್ಥಾನ ಸಿಕ್ಕಿತು. ಅವ್ವನಿಗೆ ಹೇಳಿದೆ. ‘ಅಮ್ಮ ಮೊದಲಿಂದಲೂ ದೊಡ್ಡಾಕೆನೇ’ ಅಂದಳು.

ಈಗಿನ ಪರಿಸ್ಥಿತಿ ಅಷ್ಟೇನೂ ಚೆನ್ನಾಗಿಲ್ಲ. ಕನ್ನಡ ಮಾಧ್ಯಮದ ಅನುದಾನಿತ ಶಾಲೆ. ರಿಟೈರಾದ ಮೇಷ್ಟ್ರುಗಳ ಜಾಗ ಖಾಲಿ ಬಿದ್ದಿವೆ. ಬೆಳಿಗ್ಗೆ ಎಂಟಕ್ಕೆ ಹಳದಿ ಬಸ್ಸುಗಳು ಬಂದು ಊರಿನ ಮಕ್ಕಳನ್ನು ಪೇಟೆಯ ಇಂಗ್ಲಿಷ್ ಶಾಲೆಗಳಿಗೆ ತುಂಬಿಕೊಂಡು ಹೋಗುತ್ತವೆ. ನಮ್ಮಣ್ಣನ ಮೊಮ್ಮಗಳೂ ಅದರಲ್ಲೇ ಹೋಗುತ್ತಾಳೆ, ನಾನು ಯಾರಿಗೂ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ. ಹೊಸ ರಿಜಿಸ್ಟರಿನಲ್ಲಿ ಉಳಿದಿರುವವರು ಜಾಸ್ತಿ ಬಸ್ ಫೀಸು ಕಟ್ಟಲಾಗದ ಮನೆಯವರು. ಆ ಲೆಕ್ಕದಲ್ಲಿ ಶಾಲೆ ಶುರುವಾದ ಕಡೆಗೇ ಬಂದು ನಿಂತಿದೆ. ಸಿಸ್ಟರುಗಳೂ ಬದಲಾಗಿದ್ದಾರೆ. ಕೇರಳದಿಂದ ಬರುವವರು ಕಡಿಮೆ, ಈಗಿನ ಒಬ್ಬರು ಜಾರ್ಖಂಡಿನವರು. ಅವರ ಕನ್ನಡ ಕೇಳಿ ಮಕ್ಕಳು ನಗುತ್ತಾರೆ, ಅವರೂ ನಗುತ್ತಾರೆ.

ಅರ್ಧ ಪುಟಕ್ಕೆ ಇದೆಲ್ಲ ಹಿಡಿಸಲಿಲ್ಲ. ಎರಡು ಹೆಸರಿನ ವಿಷಯ ನಾನೇ ಬಿಟ್ಟೆ. ಕೆಂಪು ಇಂಕಿನದು ಕಳಿಸಿದ್ದೇನೆ, ಕಮಿಟಿಯವರು ಉಳಿಸಿಕೊಳ್ಳುತ್ತಾರಾ ನೋಡಬೇಕು. ಬಿಷಪ್ಪರ ಸಂದೇಶ ಎರಡು ಪುಟ ಆಗಿದೆಯಂತೆ.

ಒಂದು ಕೆಲಸ ಮಾತ್ರ ಬಾಕಿ ಇದೆ. ಎರಡೂ ಪುಸ್ತಕದಲ್ಲಿ ಇಲ್ಲದವರೂ ಇದ್ದಾರಲ್ಲ. ಅಮೆರಿಕದಿಂದ ಬರುತ್ತಿದ್ದ ಕೇರ್ ಸಂಸ್ಥೆಯ ಗೋಧಿ ರವೆಯಲ್ಲಿ ಹಳದಿ ಉಪ್ಪಿಟ್ಟು ಮಾಡಿ ನಮಗೆಲ್ಲ ಬಡಿಸುತ್ತಿದ್ದ ಅಡುಗೆಯಮ್ಮ, ಹಾಲಿನ ಪುಡಿ ಕಲಸಿಕೊಡುತ್ತಿದ್ದ ಆಯಾ, ಫಾದರ್ ಇಲ್ಲದ ಭಾನುವಾರ ಜಪ ಹೇಳಿಸುತ್ತಿದ್ದ ಉಪದೇಶಿ. ಇವರಿಗೆ ಸಂಬಳ ಕೊಟ್ಟ ಚೀಟಿ ಕೂಡ ಉಳಿದಿಲ್ಲ. ಅಡುಗೆಯಮ್ಮನನ್ನು ನಾವು ‘ಉಪ್ಪಿಟ್ಟಜ್ಜಿ’ ಅಂತಿದ್ದೆವು, ನಿಜವಾದ ಹೆಸರು ನನ್ನ ಜೊತೆ ಓದಿದವರಲ್ಲಿ ಯಾರಿಗೂ ನೆನಪಿಲ್ಲ. ನನಗಿಂತ ಹಿರಿಯ ಬ್ಯಾಚಿನವರೇ, ಇದು ನಮ್ಮ ಶಾಲೆಯ ಕಥೆ ಅಂತ ಇಷ್ಟು ಓದಿದ ಮೇಲೆ ನಿಮಗೆ ಗೊತ್ತಾಗಿಯೇ ಇರುತ್ತದೆ, ಆಕೆಯ ಹೆಸರು ಗೊತ್ತಿದ್ದರೆ ನನಗೆ ಫೋನ್ ಮಾಡಿ. ಸಂಚಿಕೆ ಪ್ರಿಂಟಿಗೆ ಹೋಗಲು ಇನ್ನೂ ಸ್ವಲ್ಪ ಟೈಮಿದೆ, ಒಂದು ಸಾಲು ಸೇರಿಸಿಸಬಹುದು.